ಕಾಳಿಗೊಂದು ನಂಬರು: ದಾಲ್ ಮಿಲ್ಲಿನಲ್ಲಿ ಇಮೇಜ್‌ಜೆ

ಇಮೇಜ್‌ಜೆ ಅಂದರೆ ಚಿತ್ರದಲ್ಲಿರುವುದನ್ನು ಎಣಿಸಿ ಅಳೆಯುವ ಸಾಫ್ಟ್‌ವೇರ್. ಅದರ ಬಗ್ಗೆ ಬರೆಯುವವರೆಲ್ಲ ಜೀವಕೋಶ, ಮೈಕ್ರೋಸ್ಕೋಪ್ ಅಂತಲೇ ಶುರು ಮಾಡುತ್ತಾರೆ. ನಾನು ಅದನ್ನು ಬಳಸುವುದು ತೊಗರಿ ಬೇಳೆಗೆ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಸ್ಯಾಂಪಲ್ ನೋಡುವ ಕೆಲಸ ನನ್ನದು. ನುಚ್ಚು ಎಷ್ಟು, ಸಿಪ್ಪೆ ಎಷ್ಟು, ಒಡೆಯದೆ ಉಳಿದ ಗೋಟಾ ಎಷ್ಟು ಅಂತ ಹೇಳಬೇಕು. ಇದಕ್ಕಂತಲೇ ಮಾಡಿದ ಯಂತ್ರಗಳು ಸಿಗುತ್ತವೆ, ಬೆಲೆ ಲಕ್ಷಗಳಲ್ಲಿ. ನಮ್ಮ ಸಾಹುಕಾರರು ಕೊಡಿಸಿದ್ದು ಒಂದು ಸಾದಾ ಎ4 ಸ್ಕ್ಯಾನರ್, ಅಷ್ಟೇ.

ಸಾಫ್ಟ್‌ವೇರ್‌ಗೆ ಪೈಸೆ ಖರ್ಚಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದದ್ದು, 1997ರಿಂದ ಇದೆ. ಯಾರು ಬೇಕಾದರೂ ಬಳಸಬಹುದು. ನಾನು ಹಾಕಿಕೊಂಡಿರುವುದು ಫಿಜಿ, ಅಂದರೆ ಪ್ಲಗಿನ್ ಅನ್ನುವ ಹೆಚ್ಚುವರಿ ಸಲಕರಣೆಗಳನ್ನೆಲ್ಲ ತುಂಬಿಕೊಂಡು ಬರುವ ಇಮೇಜ್‌ಜೆ. ತೆರೆದರೆ ಪರದೆ ಮೇಲೆ ಒಂದು ಸಣ್ಣ ಪಟ್ಟಿ ಮಾತ್ರ ಕಾಣುತ್ತದೆ. ಉಳಿದದ್ದು ಎಲ್ಲಿ ಅಂತ ಹುಡುಕಬೇಡಿ, ಅಷ್ಟೇ ಇರುವುದು.

ಬೆಳಿಗ್ಗೆ ಮೊದಲ ಕೆಲಸ ಗಾಜು ಒರೆಸುವುದು. ಗಾಜಿನ ಮೇಲೆ ಒಂದು ಪಾರದರ್ಶಕ ಹಾಳೆ. ಬೇಳೆಗೆ ಎಣ್ಣೆ ಕೈ ಆಡಿಸಿರುತ್ತಾರಲ್ಲ, ಹಾಳೆ ಇಲ್ಲದಿದ್ದರೆ ಗಾಜಿಗೆ ಜಿಡ್ಡು ಹತ್ತುತ್ತದೆ, ಗೀರೂ ಬೀಳುತ್ತದೆ. ಮುಗಿದ ಮೇಲೆ ಹಾಳೆ ಎತ್ತಿದರೆ ಕಾಳೆಲ್ಲ ತಟ್ಟೆಗೆ ಬರುತ್ತವೆ. ಒಂದು ಹಿಡಿ ಬೇಳೆ ಹರಡಿ, ಹಳೆ ವಿಸಿಟಿಂಗ್ ಕಾರ್ಡಿನ ಅಂಚಿನಿಂದ ಒಂದಕ್ಕೊಂದು ತಾಗದಂತೆ ಬಿಡಿಸುತ್ತೇನೆ. ಇದಕ್ಕೆ ಅವಸರ ಮಾಡಬಾರದು. ಮೇಲೆ ಮುಚ್ಚುವುದು ಸೀರೆ ಡಬ್ಬಿಯ ಮುಚ್ಚಳ, ಒಳಗೆ ನೀಲಿ ಹಾಳೆ ಅಂಟಿಸಿದ್ದು. ಆಳ ಕಡಿಮೆ ಇರುವ ಮುಚ್ಚಳವೇ ಆಗಬೇಕು. ಆಳ ಜಾಸ್ತಿಯಾದರೆ ಸ್ಕ್ಯಾನರ್ ಬೆಳಕು ಅಲ್ಲಿವರೆಗೆ ಮುಟ್ಟದೆ ನೀಲಿಯೆಲ್ಲ ಕಪ್ಪಾಗುತ್ತದೆ.

ನೀಲಿ ಯಾಕೆ ಅಂದರೆ, ಚಿತ್ರವನ್ನು ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಮಾಡಿದಾಗ ಹಳದಿ ಬೇಳೆ ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಕಾಣುತ್ತದೆ, ಹಿನ್ನೆಲೆ ಬೆಳ್ಳಗೆ. ಕಂದು ಸಿಪ್ಪೆಯನ್ನು ಹಿಡಿಯುವುದು ಕೆಂಪು ಚಾನೆಲ್‌ನಲ್ಲಿ. ಅಲ್ಲಿ ಬೇಳೆ ಹೊಳೆಯುತ್ತದೆ, ಸಿಪ್ಪೆ ಮಂಕು. ಸ್ಕ್ಯಾನರ್‌ನಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಇಟ್ಟರೆ ಒಂದು ಮಿಲಿಮೀಟರಿಗೆ 11.8 ಪಿಕ್ಸೆಲ್. ಮೊಬೈಲ್ ಫೋಟೋದಲ್ಲಿ ದೂರ ಬದಲಾದಂತೆ ಅಳತೆ ಬದಲಾಗುತ್ತದೆ, ಸ್ಕ್ಯಾನರ್‌ನಲ್ಲಿ ಆ ತಲೆನೋವಿಲ್ಲ. ಒಮ್ಮೆ ಸ್ಕೇಲ್ ಕೊಟ್ಟರೆ ಮುಗಿಯಿತು.

ಆದರೆ ನಾನು ಇದಕ್ಕೆ ಮನಸೋತದ್ದು ಬೇರೆ ಕಾರಣಕ್ಕೆ. ಕಾಳುಗಳನ್ನು ಎಣಿಸಿ ಅಳೆಯುವ 'ಅನಲೈಸ್ ಪಾರ್ಟಿಕಲ್ಸ್' ಓಡಿಸುವಾಗ 'ಔಟ್‌ಲೈನ್ಸ್' ಅಂತ ಆರಿಸಿದರೆ ಪ್ರತಿ ಕಾಳಿನ ಸುತ್ತ ಗೆರೆ, ನಡುವೆ ಒಂದು ನಂಬರು. ಪಕ್ಕದ ಪಟ್ಟಿಯಲ್ಲಿ ಅದೇ ನಂಬರಿನ ಎದುರು ಅದರ ಕ್ಷೇತ್ರಫಲ, ಅದರ ದುಂಡಗಿನ ಅಳತೆ. ಪೂರ್ತಿ ದುಂಡಗಿದ್ದರೆ 1, ಉದ್ದುದ್ದ ಅಥವಾ ಮುರುಕಲು ಇದ್ದಷ್ಟೂ ಕಡಿಮೆ. ಗಂಜ್‌ನಿಂದ, ಅಂದರೆ ಧಾನ್ಯದ ಪೇಟೆಯಿಂದ, ಬರುವ ದಲಾಲಿ ಕಾಕಾ ಮೊದಲೆಲ್ಲ ಅಂಗೈಯಲ್ಲಿ ಬೇಳೆ ಹಿಡಿದು, "ನುಚ್ಚ್ ಭಾಳ ಅದರಿ" ಅಂದರೆ ಮುಗಿಯಿತು, ಅರ್ಧ ಗಂಟೆ ಜಗ್ಗಾಟ. ಈಗ ಪ್ರಿಂಟ್ ಕೈಗೆ ಕೊಡುತ್ತೇನೆ. ಕನ್ನಡಕ ಏರಿಸಿ, "ಈ ನೂರಾ ಹನ್ನೆರಡು ನುಚ್ಚಲ್ರಿ, ಅಂಚ್ ಮುಕ್ಕಾಗ್ಯದ ಅಷ್ಟ" ಅನ್ನುತ್ತಾರೆ. ಜಗಳ ಇದ್ದೇ ಇದೆ. ಆದರೆ ಒಂದು ಚೀಲದ ಮೇಲಿದ್ದದ್ದು ಒಂದು ಕಾಳಿನ ಮೇಲೆ ಬಂದಿದೆ!

ಇನ್ನು ಸಿಟ್ಟಿನ ಮಾತು. ತಾಗಿಕೊಂಡ ಕಾಳುಗಳನ್ನು ಬೇರೆ ಮಾಡಲು 'ವಾಟರ್‌ಶೆಡ್' ಅಂತ ಒಂದಿದೆ. ದುಂಡಗಿನ ಬೇಳೆಗೆ ಚೆಂದ ಕೆಲಸ ಮಾಡುತ್ತದೆ. ಅಂಚು ಸ್ವಲ್ಪ ಒಳಗೆ ಹೋದ ಒಳ್ಳೆ ಬೇಳೆ ಸಿಕ್ಕರೆ ಮಾತ್ರ ನಡು ಮಧ್ಯೆ ಗೆರೆ ಎಳೆದು ಎರಡು ನುಚ್ಚು ಮಾಡಿಬಿಡುತ್ತದೆ. ಮಿಲ್ಲಿನಲ್ಲಿ ಒಡೆಯದ್ದು ಕಂಪ್ಯೂಟರಿನಲ್ಲಿ ಒಡೆಯುತ್ತದೆ, ನಷ್ಟ ನಮ್ಮ ಲೆಕ್ಕಕ್ಕೆ. ಕಾರ್ಡಿನ ಅಂಚಿನಿಂದ ಬಿಡಿಸುವ ಕೆಲಸಕ್ಕೆ ಅಷ್ಟು ಹೊತ್ತು ಕೊಡುವುದು ಇದೇ ಕಾರಣಕ್ಕೆ. ವಾಟರ್‌ಶೆಡ್ ಮುಟ್ಟುವುದನ್ನೇ ಬಿಟ್ಟಿದ್ದೇನೆ.

ಹಿಂದಕ್ಕೆ ಹೋಗೋಣ ಅಂದರೆ ಅನ್‌ಡೂ ಒಂದೇ ಹೆಜ್ಜೆ. ಇಷ್ಟು ವರ್ಷದ ಸಾಫ್ಟ್‌ವೇರ್‌ಗೆ ಎರಡನೇ ಹೆಜ್ಜೆ ಹಿಂದಿಡಲು ಬರಲ್ಲ, ಏನನ್ನಬೇಕು? 'ರಿವರ್ಟ್' ಒತ್ತಿದರೆ ಸೀದಾ ಮೂಲ ಚಿತ್ರಕ್ಕೆ. ಮ್ಯಾಕ್ರೋ ರೆಕಾರ್ಡರ್ ಇಲ್ಲದಿದ್ದರೆ ನಾನು ಇದನ್ನು ಎಂದೋ ತೆಗೆದುಹಾಕುತ್ತಿದ್ದೆ. ನಾವು ಒತ್ತಿದ ಪ್ರತಿ ಮೆನುವನ್ನೂ ಅದು ಸಾಲು ಸಾಲಾಗಿ ಬರೆದುಕೊಳ್ಳುತ್ತದೆ. ಆ ಸಾಲುಗಳನ್ನು ಉಳಿಸಿಕೊಂಡರೆ ಮರುದಿನ ಒಂದೇ ಸಲ ಓಡಿಸಬಹುದು. ತಪ್ಪಾದ ಸಾಲು ತಿದ್ದಿ ಮತ್ತೆ ಮೊದಲಿನಿಂದ ಓಡಿಸುವುದೇ ಇಲ್ಲಿ ಅನ್‌ಡೂ. ಪ್ರೋಗ್ರಾಮಿಂಗ್ ಕಲಿಯದ ನನಗೆ ಇಷ್ಟು ಸಾಕು. ರಾತ್ರಿ ಪಾಳಿಯ ಹುಡುಗನಿಗೂ ಅದೇ ಫೈಲ್ ಕೊಟ್ಟಿದ್ದೇನೆ. ಬಣ್ಣ ನೋಡಿ ಕಾಳು ಬೇರೆ ಮಾಡುವ ಸಾರ್ಟೆಕ್ಸ್ ಯಂತ್ರದ ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಅವನೇ ಒಂದು ಸ್ಕ್ಯಾನ್ ತೆಗೆದು ಇಡುತ್ತಾನೆ.

ಕೊಳ್ಳುವವರಿಗೆ ಒಂದು ಮಾತು, ಅಂದರೆ ಕೊಳ್ಳುವುದೇನಿಲ್ಲ, ಇಳಿಸಿಕೊಳ್ಳುವವರಿಗೆ. ಇದು ಹೇಳುವುದು ಕ್ಷೇತ್ರಫಲ. ವ್ಯಾಪಾರ ನಡೆಯುವುದು ತೂಕದಲ್ಲಿ. ಸಿಪ್ಪೆ ಹಗುರ, ಆದರೆ ಚಿತ್ರದಲ್ಲಿ ಅಗಲ. ಹಾಗಾಗಿ ಬಿಲ್ಲಿಗೆ ಹೋಗುವ ಅಂಕಿ ನಮ್ಮಲ್ಲಿ ಇವತ್ತಿಗೂ ತಕ್ಕಡಿಯದ್ದೇ. ಇಮೇಜ್‌ಜೆ ಅಂಕಿ ನಿನ್ನೆಗೂ ಇವತ್ತಿಗೂ ಹೋಲಿಸಲು, ಯಂತ್ರ ಹಾದಿ ತಪ್ಪಿದೆಯಾ ಅಂತ ತಿಳಿಯಲು. ಯಾವುದು ಕಾಳು, ಯಾವುದು ಹಿನ್ನೆಲೆ ಅಂತ ಬೇರೆ ಮಾಡುವ ಗಡಿ, ಅಂದರೆ ಥ್ರೆಶೋಲ್ಡ್ ಅನ್ನು ಕೈಯಿಂದ ಎಳೆಯದೆ, ಅದನ್ನು ತಾನೇ ಲೆಕ್ಕ ಹಾಕುವ 'ಓಟ್ಸು' ತರದ ಒಂದು ವಿಧಾನಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಎಳೆದವರ ಮನಸ್ಸಿನಂತೆ ನುಚ್ಚು ಹೆಚ್ಚು ಕಡಿಮೆ ಆಗುತ್ತದೆ.

ಹುಳುಕು ಕಾಳಿನ ವಿಷಯದಲ್ಲಿ ಮಾತ್ರ ಇದನ್ನು ನಂಬಬೇಡಿ. ಸ್ಕ್ಯಾನರ್ ನೋಡುವುದು ಗಾಜಿನ ಕಡೆಯ ಮುಖವನ್ನಷ್ಟೇ. ಹುಳು ಕೊರೆದ ತೂತು ಮೇಲ್ಮುಖವಾಗಿದ್ದರೆ ಆ ಕಾಳು ಒಳ್ಳೆಯದರ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೆ ನಮ್ಮಲ್ಲಿ ಮೊರ, ಕಿಟಕಿ ಬೆಳಕು, ಮತ್ತು ಆರಿಸುವ ಅಕ್ಕಂದಿರ ಕಣ್ಣೇ ಗತಿ.