140 ರೂಪಾಯಿಯ ಮೂಗು

ಬೆಂಗಳೂರಿನ ಎಸ್‌.ಪಿ. ರೋಡಿನ ಒಂದು ಮಹಡಿ ಮೇಲಿನ ಅಂಗಡಿಯಲ್ಲಿ ಎಂಕ್ಯೂ-135 ಮಾಡ್ಯೂಲ್ ತಗೊಂಡು ಎರಡು ತಿಂಗಳಾಯಿತು. 140 ರೂಪಾಯಿ, ಬಿಲ್ ಇಲ್ಲ. "ಏರ್ ಕ್ವಾಲಿಟಿ ಸೆನ್ಸರ್ ಮೇಡಂ, ಎಲ್ಲಾ ಗ್ಯಾಸೂ ಹಿಡಿಯುತ್ತೆ" ಅಂದ ಹುಡುಗ. ಪೂರ್ತಿ ಸುಳ್ಳೇನಲ್ಲ. ಹಲವು ಅನಿಲಗಳನ್ನು ಹಿಡಿಯುತ್ತೆ, ಹಿಡಿದದ್ದು ಯಾವುದು ಅಂತ ಮಾತ್ರ ಬಾಯಿ ಬಿಡಲ್ಲ.

ನಮ್ಮ ಮನೆ ಮಡಿವಾಳದಲ್ಲಿ, ಬಾಲ್ಕನಿ ಕೆಳಗೇ ಬಸ್ ಸ್ಟಾಪು. ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಮಾಡಿಸುವವಳು ನಾನು, ಹೊಗೆಯನ್ನು ನಾನೇ ಅಳೆದು ನೋಡೋಣ ಅನ್ನಿಸಿತ್ತು. ಹೊಸ ಸೆನ್ಸರನ್ನು ಮೊದಲು 24 ಗಂಟೆಗೂ ಹೆಚ್ಚು ಬಿಸಿ ಮಾಡಬೇಕು. ಅದಕ್ಕೆ ಮುಂಚೆ ಬರುವ ರೀಡಿಂಗ್ ನಂಬಬೇಡಿ. ಹೀಟರ್ ಸುಮಾರು 150 ಮಿಲಿಆಂಪ್ ಎಳೆಯುತ್ತೆ, ಮುಟ್ಟಿದರೆ ಬೆಚ್ಚಗಿರುತ್ತೆ, ಗಾಬರಿ ಬೇಡ.

ಎರಡನೇ ದಿನ ಬೆಳಿಗ್ಗೆ ಎಂಟೂವರೆಗೆ ರೀಡಿಂಗ್ ಸರ್ರನೆ ಏರಿತು. ಆಫೀಸ್ ಟ್ರಾಫಿಕ್ ಅಂತ ಹಿಗ್ಗಿದೆ. ಬಾಲ್ಕನಿ ಬಾಗಿಲು ತೆರೆದಿತ್ತು, ಒಳಗೆ ಅತ್ತೆ ಇಂಗಿನ ಒಗ್ಗರಣೆ ಹಾಕುತ್ತಿದ್ದರು.

ಸೆನ್ಸರಿನ ಜಾಲರಿ ಟೋಪಿಯೊಳಗೆ ಒಂದು ಸೆರಾಮಿಕ್ ಕೊಳವೆ, ಅದರ ಮೇಲೆ ತವರದ ಆಕ್ಸೈಡಿನ ಲೇಪ. ಬಿಸಿ ಲೇಪದ ಮೇಲೆ ಗಾಳಿಯ ಆಮ್ಲಜನಕ ಕೂತು ಎಲೆಕ್ಟ್ರಾನುಗಳನ್ನು ಕಟ್ಟಿಹಾಕಿರುತ್ತೆ. ಕಾರ್ಬನ್ ಮಾನಾಕ್ಸೈಡೋ ಆಲ್ಕೋಹಾಲೋ ಬಂದು ಆ ಆಮ್ಲಜನಕವನ್ನು ಕಿತ್ತುಕೊಂಡರೆ ಎಲೆಕ್ಟ್ರಾನ್ ಬಿಡುಗಡೆ, ಲೇಪದ ವಿದ್ಯುತ್ ರೋಧ ಇಳಿಯುತ್ತೆ, ರೀಡಿಂಗ್ ಏರುತ್ತೆ. ಜಪಾನಿನ ನಾವೊಯೋಶಿ ತಾಗುಚಿ 1962ರಲ್ಲಿ ಕಂಡುಕೊಂಡ ಉಪಾಯ ಇದು, ಗ್ಯಾಸ್ ಸೋರಿಕೆ ಪತ್ತೆಗೆ. ಆದರೆ ಡೀಸೆಲ್ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ತದ್ವಿರುದ್ಧ, ರೋಧ ಏರಿಸುತ್ತೆ. ಅಂದರೆ ಒಂದೇ ಬಸ್ಸಿನ ಎರಡು ಅನಿಲಗಳು ಮುಳ್ಳನ್ನು ಎರಡು ಕಡೆಗೆ ಜಗ್ಗುತ್ತವೆ! ಮಳೆ ಬಂದರೆ ತೇವಕ್ಕೂ ಅಂಕಿ ಅಲುಗುತ್ತೆ. ಧೂಳಂತೂ ಇದಕ್ಕೆ ಕಾಣುವುದೇ ಇಲ್ಲ, ಪಿಎಂ 2.5 ಅನ್ನುವ ಸಣ್ಣ ಧೂಳಿನ ಲೆಕ್ಕ ಬೇಕಿದ್ದರೆ ಬೆಳಕಿನಿಂದ ಎಣಿಸುವ ಬೇರೆ ಸೆನ್ಸರ್ ತಗೊಳ್ಳಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಬೋರ್ಡಿನ ಮೇಲೆ. ನನಗೆ ಸಿಕ್ಕಿದ್ದರಲ್ಲಿ ಲೋಡ್ ರೆಸಿಸ್ಟರ್ (ಸೆನ್ಸರಿನ ರೋಧದ ಬದಲಾವಣೆಯನ್ನು ವೋಲ್ಟೇಜ್ ಆಗಿಸುವ ಬಿಡಿಭಾಗ) ಮೇಲೆ 102 ಅಂತಿತ್ತು, ಅಂದರೆ 10ರ ಮುಂದೆ ಎರಡು ಸೊನ್ನೆ, 1 ಕಿಲೋಓಮ್. ಡೇಟಾಶೀಟ್ ಹೇಳುವುದು 20. ಹೀಗಿದ್ದರೆ ಬಾಲ್ಕನಿ ಗಾಳಿಯ ಏರಿಳಿತವೆಲ್ಲ ಸ್ಕೇಲಿನ ತಳದಲ್ಲೇ ಮುದುಡಿ ಕೂರುತ್ತೆ. ಕಿತ್ತು 22 ಕಿಲೋಓಮ್ ಬೆಸುಗೆ ಹಾಕಿದ ಮೇಲೆ ಗ್ರಾಫಿಗೆ ಜೀವ ಬಂತು. ಇದನ್ನು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಜೋಡಿಸುವವರು ಔಟ್‌ಪುಟ್‌ಗೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಕೊಳ್ಳಿ. 5 ವೋಲ್ಟ್‌ವರೆಗೆ ಏರಬಹುದು, ಆ ಚಿಪ್ಪಿಗೆ 3.3 ದಾಟಬಾರದು.

ಇದನ್ನೇ ಸ್ಕೂಟರ್ ಸೈಲೆನ್ಸರಿಗೆ ಸಿಕ್ಕಿಸಿ ಎಮಿಷನ್ ಟೆಸ್ಟ್ ಪ್ರಾಜೆಕ್ಟ್ ಮಾಡ್ತೀವಿ ಅಂತ ನನ್ನ ಹುಡುಗರಿಬ್ಬರು ಬಂದಿದ್ದರು. ಆಗಲ್ಲಪ್ಪ ಅಂದೆ. ಆ ಬಿಸಿ, ಆ ನೀರಾವಿ ಇದು ತಡೆಯಲ್ಲ. ಎಕ್ಸಾಸ್ಟಿನೊಳಗೆ ಕೂರುವುದು ಜಿರ್ಕೋನಿಯಾ ಸೆರಾಮಿಕ್ಕಿನ ಆಕ್ಸಿಜನ್ ಸೆನ್ಸರ್. ಪೆಟ್ರೋಲ್ ಹೆಚ್ಚಾದರೆ ಅದು ಸುಮಾರು 0.9 ವೋಲ್ಟ್ ಕೊಡುತ್ತೆ, ಗಾಳಿ ಹೆಚ್ಚಾದರೆ 0.1. ಅದು ಇದರ ಬಂಧುವೇ, ಆದರೆ ಬೆಲೆಯಲ್ಲಿ ಶ್ರೀಮಂತ ಬಂಧು.

ಐದಕ್ಕೆ ಮೂರು ಸ್ಟಾರ್. ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಲೆಕ್ಕಕ್ಕಾದರೆ ಒಂದೂ ಇಲ್ಲ. ನೆನ್ನೆಗಿಂತ ಇವತ್ತು ಗಾಳಿಯಲ್ಲಿ ಏನೋ ಬೇರೆ ಇದೆ ಅಂತ ತಿಳಿಯಲು ಸಾಕು. ಈಗ ಅಡುಗೆಮನೆ ಕಡೆಯ ಬಾಗಿಲು ಮುಚ್ಚಿಯೇ ನೋಡುತ್ತೇನೆ. ಲ್ಯಾಬಿಗೆ ಇನ್ನೂ ಆರು ಬೇಕು, ಈ ಸಲ ಬಿಲ್ ಕೇಳಿ ತರಬೇಕು.