ಮಿಯಾಟಾ ಕೊಳ್ಳುವವರು ಮೊದಲು ಹೊಸ್ತಿಲು ನೋಡಿ: ಎಂಟು ವರ್ಷ ಮನೆಯಲ್ಲೇ ರಿಪೇರಿ ಮಾಡಿದ ಅನುಭವ

2017ರ ಅಕ್ಟೋಬರ್‌ನಲ್ಲಿ ಈ ಮಜ್ದಾ ಮಿಯಾಟಾ ಕಾರು ನೋಡಲು ಹೋದಾಗ ಬಾನೆಟ್ ಎತ್ತಿಸಿದೆ, ಎಂಜಿನ್ ಶುರು ಮಾಡಿಸಿ ಕಿವಿಗೊಟ್ಟು ಕೇಳಿದೆ, ಡಿಪ್‌ಸ್ಟಿಕ್ ಎಳೆದು ಆಯಿಲ್ ಬಣ್ಣ ನೋಡಿದೆ, ಎರಡು ರೌಂಡ್ ಓಡಿಸಿ ಗೇರು ಬೀಳುವ ಸೊಗಸಿಗೆ ಸೋತುಹೋದೆ. ಹತ್ತುವಾಗ ಇಳಿಯುವಾಗ ನಾಲ್ಕು ಸಲ ದಾಟಿದ, ಬಾಗಿಲಿನ ಕೆಳಗಿನ ಹೊಸ್ತಿಲನ್ನು ಮಾತ್ರ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಎಂಜಿನ್ನು, ಬ್ರೇಕು, ಕ್ಲಚ್ಚು, ಟಾಪು ಎಲ್ಲಕ್ಕೂ ಸೇರಿ ಈವರೆಗೆ ಹಾಕಿದ ದುಡ್ಡಿಗಿಂತ ಆ ಹೊಸ್ತಿಲಿಗೆ ಸುರಿದದ್ದೇ ಹೆಚ್ಚು.

ಕಾರಿನ ಪರಿಚಯ ಬೇಗ ಮುಗಿಸುತ್ತೇನೆ. 1990ರ ಮಜ್ದಾ ಎಂಎಕ್ಸ್-5 ಮಿಯಾಟಾ, ಕೆಂಪು ಬಣ್ಣ, 1.6 ಲೀಟರ್ ಎಂಜಿನ್, 116 ಹಾರ್ಸ್‌ಪವರ್, ಐದು ಗೇರು. ಪವರ್ ಸ್ಟೀರಿಂಗ್ ಇಲ್ಲ, ಏಸಿ ಇಲ್ಲ. ಎರಡೇ ಸೀಟು, ಬಟ್ಟೆಯ ಟಾಪು, ಬಟನ್ ಒತ್ತಿದರೆ ಕಣ್ಣು ಬಿಟ್ಟ ಕಪ್ಪೆಯ ಹಾಗೆ ಮೇಲೇಳುವ ಹೆಡ್‌ಲೈಟು. ತೂಕ ಸುಮಾರು 990 ಕಿಲೋ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಇದನ್ನು ಮೊದಲು ತೋರಿಸಿದಾಗ ಇಲ್ಲಿ ಅಮೆರಿಕದಲ್ಲಿ ಬೆಲೆ 13,800 ಡಾಲರ್‌ನಿಂದ ಶುರುವಾಗುತ್ತಿತ್ತು. ನಾನು ಕೊಟ್ಟದ್ದು 3,400. ಆಗ ಮೀಟರ್‌ನಲ್ಲಿ 1,12,000 ಮೈಲಿ ಇತ್ತು, ಈಗ 1,41,000 ಆಗಿದೆ.

ಮೈಸೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಮಜ್ದಾ ಅಂದ್ರೆ ಸ್ವರಾಜ್ ಮಜ್ದಾ ಲಾರಿ ಅಲ್ವೇನೋ?" ಅಂದರು. ಅವರ ತಪ್ಪಲ್ಲ. ನಮ್ಮ ಕಡೆ ಆ ಹೆಸರು ನೋಡಿದ್ದು ಲಾರಿ, ಸ್ಕೂಲ್ ವ್ಯಾನುಗಳ ಮೇಲೆ ಮಾತ್ರ.

ಈಗ ಹೊಸ್ತಿಲಿನ ಕಥೆ. ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ಗೆ ಅರ್ಧ ಗಂಟೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆಲ್ಲ ಉಪ್ಪು ಎರಚುತ್ತಾರೆ. ಡೆಟ್ರಾಯಿಟ್ ಊರಿನ ಅಡಿಯಲ್ಲೇ ದೊಡ್ಡ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುವ ಊರು, ಕೆಳಗೆ ಅದನ್ನು ತಿನ್ನುವ ಉಪ್ಪು. ಇಲ್ಲಿ ಹಳೇ ಕಾರು ಅಂದರೆ ಅರ್ಧ ಕಬ್ಬಿಣ, ಅರ್ಧ ತುಕ್ಕು ಅಂತ ಗೊತ್ತಿತ್ತು. ಆದರೆ ಮಾರಿದವರು "ಚಳಿಗಾಲದಲ್ಲಿ ಹೊರಗೇ ತೆಗೆದಿಲ್ಲ" ಅಂದರು, ನಂಬಿದೆ. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಮಿಯಾಟಾಗೆ ತುಕ್ಕು ಬರಲು ಉಪ್ಪೇ ಬೇಕಿಲ್ಲ, ಮಳೆ ಸಾಕು.

ಅದು ಹೇಗೆ ಅಂದರೆ, ಬಟ್ಟೆಯ ಟಾಪಿನ ಮೇಲೆ ಬಿದ್ದ ನೀರು ಹಿಂಬದಿಯ ಒಂದು ಪಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಸೀಟುಗಳ ಹಿಂದೆ ಎರಡೂ ಮೂಲೆಯಲ್ಲಿರುವ ತೂತುಗಳಿಗೆ, ತೂತಿನಿಂದ ಕೊಳವೆ ಮೂಲಕ ಹಿಂದಿನ ಚಕ್ರದ ಮುಂದೆ ನೆಲಕ್ಕೆ. ನಮ್ಮ ಹಳೇ ಹೆಂಚಿನ ಮನೆಯ ದೋಣಿಯ ಹಾಗೇ. ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದಲ್ಲ, ಇಲ್ಲಿ ಹೊಸ್ತಿಲೊಳಗೆ ಇಳಿಯುತ್ತದೆ. ಹೊಸ್ತಿಲು ಅಂದರೆ ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ತಗಡಿನ ಪೆಟ್ಟಿಗೆ. ಮೇಲೆ ಚಾವಣಿ ಇಲ್ಲದ ಕಾರಿಗೆ ಅದೇ ಬೆನ್ನುಮೂಳೆ. ಒಳಗಿನಿಂದ ಕೊಳೆಯುತ್ತಾ ಬಂದು ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

2018ರ ಏಪ್ರಿಲ್‌ನಲ್ಲಿ ಎರಡು ದಿನ ಸತತ ಮಳೆ ಬಂತು. ಮೂರನೇ ದಿನ ಕಾರು ಹತ್ತಿ ಕೂತರೆ ಹಿಂದಿನ ಕಾರ್ಪೆಟ್ಟು ಪಚಪಚ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ತಂದು ಎಡಗಡೆ ತೂತಿಗೆ ಇಳಿಸಿದೆ. ಒಂದು ಗೇಣು ಹೋಗಿ ನಿಂತಿತು. ತಿರುಗಿಸಿದೆ, ಎಳೆದೆ, ಮತ್ತೆ ತಳ್ಳಿದೆ. ಇದ್ದಕ್ಕಿದ್ದಂತೆ ಗುಳುಗುಳು ಅಂತ ಸದ್ದಾಗಿ ಕಾರಿನ ಕೆಳಗೆ ಇಟ್ಟ ಟ್ರೇಗೆ ಕಾಫಿ ಚರಟದಂಥ ಕಪ್ಪು ನೀರು, ಅದರ ಹಿಂದೆ ಮೇಪಲ್ ಎಲೆಯ ಚೂರು, ಪೈನ್ ಸೂಜಿ, ಕೊನೆಗೆ ತುಕ್ಕಿನ ಹಪ್ಪಳ. ಹಪ್ಪಳ ಅಂದದ್ದು ಉತ್ಪ್ರೇಕ್ಷೆಯಲ್ಲ, ಬೆರಳಲ್ಲಿ ಹಿಡಿದರೆ ಮುರಿಯುತ್ತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಹೊಸ್ತಿಲಿನ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿದೆ. ಮುಂದೆ ಟಣ್ ಅನ್ನುತ್ತಿದ್ದದ್ದು ಹಿಂದೆ ಬರುತ್ತಾ ಬರುತ್ತಾ ಥಪ್ ಆಯಿತು. ಇನ್ನೊಂದು ಸಲ ತಟ್ಟಿದಾಗ ಹಿಡಿ ಒಳಗೇ ಹೋಯಿತು.

ನನಗೆ ವೆಲ್ಡಿಂಗ್ ಬರುವುದಿಲ್ಲ. ಪಕ್ಕದೂರಿನ ಒಂದು ಟಿಂಕರಿಂಗ್ ಶಾಪಿಗೆ ಕೊಟ್ಟೆ, 900 ಡಾಲರ್ ತೆಗೆದುಕೊಂಡು ಹದಿನೈದು ದಿನಕ್ಕೆ ಫಳಫಳ ಹೊಳೆಯುವ ಕಾರು ವಾಪಸ್ ಕೊಟ್ಟರು. 2020ರ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಅಯಸ್ಕಾಂತ ಇಟ್ಟರೆ ಜಾರಿ ಬಿತ್ತು. ಕೊಳೆತ ತಗಡನ್ನು ಕತ್ತರಿಸಿಯೇ ಇರಲಿಲ್ಲ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಮೇಲೆ ಥಳಕು, ಒಳಗೆ ಹುಳುಕು. ಹೋಗಿ ಕೇಳಿದರೆ ಗ್ಯಾರಂಟಿ ಒಂದೇ ವರ್ಷ ಅಂದರು. ಎರಡನೇ ಸಲ ಬೇರೆಯವರ ಹತ್ತಿರ ಹೋದಾಗ ಕತ್ತರಿಸಿದ ಮೇಲೆ ಒಂದು ಫೋಟೋ, ಹೊಸ ತಗಡು ಬೆಸೆದ ಮೇಲೆ ಇನ್ನೊಂದು, ಬಣ್ಣ ಅದಾದ ಮೇಲೇ ಅಂತ ಮೊದಲೇ ಮಾತಾಡಿಕೊಂಡೆ. ಎರಡೂ ಕಡೆ ಸೇರಿ 2,600 ಡಾಲರ್ ಆಯಿತು. ಐದು ವರ್ಷ ಕಳೆದಿದೆ, ಇನ್ನೂ ಟಣ್ ಅನ್ನುತ್ತಿದೆ. ಪ್ರತಿ ವಸಂತ ಮತ್ತು ಎಲೆ ಉದುರುವ ಕಾಲದಲ್ಲಿ ನೈಲಾನ್ ದಾರ ಇಳಿಸುವುದು ನಮ್ಮನೆಯಲ್ಲಿ ಆಯುಧಪೂಜೆಯ ಹಾಗೆ ತಪ್ಪದ ಕೆಲಸ.

ಇಷ್ಟು ಬೈದ ಮೇಲೂ ಈ ಕಾರನ್ನು ಯಾಕೆ ಇಟ್ಟುಕೊಂಡಿದ್ದೇನೆ? ತಗಡಿನ ಕೆಲಸ ಬಿಟ್ಟರೆ ಉಳಿದದ್ದೆಲ್ಲ ನನ್ನಂಥ ಸಾಫ್ಟ್‌ವೇರ್‌ನವನ ಕೈಗೂ ದಕ್ಕುತ್ತದೆ. 10, 12, 14, 17 ನಂಬರ್ ಸ್ಪ್ಯಾನರ್ ಇದ್ದರೆ ಮುಕ್ಕಾಲು ಕಾರು ಬಿಚ್ಚಬಹುದು. ಏಸಿ, ಪವರ್ ಸ್ಟೀರಿಂಗ್ ಇಲ್ಲದಿರುವುದರಿಂದ ಬಾನೆಟ್ಟಿನ ಕೆಳಗೆ ಕೈ ಆಡಿಸಲು ಧಾರಾಳ ಜಾಗ. ನಮ್ಮ ಇನ್ನೊಂದು ಕಾರಿನಲ್ಲಿ ಒಂದು ಹೆಡ್‌ಲೈಟ್ ಬಲ್ಬ್ ಬದಲಿಸಲು ಬಂಪರ್ ಸಡಿಲಿಸಬೇಕು, ಅದನ್ನು ನೆನೆದರೆ ಇದು ಸ್ವರ್ಗ.

ಮೊದಲು ಕೈಕೊಟ್ಟದ್ದು ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಪುಟ್ಟ ಭಾಗ. ಈ ಕಾರಿಗೆ ಅದು ನೆಗಡಿ ಇದ್ದಂತೆ, ಎಲ್ಲರಿಗೂ ಬಂದೇ ಬರುತ್ತದೆ. ಆಗ ಬೆಲೆ 40 ಡಾಲರ್, ಬಿಚ್ಚಲು ಎರಡು ಬೋಲ್ಟು. ಕಷ್ಟ ಇರುವುದು ಆಮೇಲೆ ಪೈಪಿನಲ್ಲಿರುವ ಗಾಳಿ ತೆಗೆಯುವುದರಲ್ಲಿ, ಅದಕ್ಕೆ ಇಬ್ಬರು ಬೇಕು. ಹೆಂಡತಿ ಸೀಟಿನಲ್ಲಿ, ನಾನು ಕಾರಿನ ಕೆಳಗೆ.

"ಒತ್ತು."

"ಒತ್ತಿದೆ."

"ಹಿಡ್ಕೋ... ಹಾಂ, ಬಿಡು."

ಹತ್ತು ಸಲ ಚೆನ್ನಾಗಿ ನಡೆಯಿತು. ಹನ್ನೊಂದನೇ ಸಲ ಗಾಳಿ ಬಿಡುವ ನಿಪ್ಪಲ್ ಬಿಗಿಯುವ ಮೊದಲೇ "ಬಿಡು" ಅಂದುಬಿಟ್ಟೆ. ಅಷ್ಟೂ ಗಾಳಿ ಮತ್ತೆ ಒಳಗೆ. "ಇನ್ನೆಷ್ಟು ಸಲ ರೀ? ಸಾರು ಒಲೆ ಮೇಲಿದೆ" ಅಂತ ಮೇಲಿನಿಂದ ದನಿ. ಸಾರು ಸೀದಿತು, ಕ್ಲಚ್ಚು ಸರಿಹೋಯಿತು. ಅವತ್ತಿನಿಂದ ಒಬ್ಬರೇ ಗಾಳಿ ತೆಗೆಯಬಹುದಾದ ಪ್ರೆಶರ್ ಬ್ಲೀಡರ್ ಒಂದು ಮನೆಯಲ್ಲಿದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕಿದರೆ ಗಾಬರಿಯಾಗಬೇಡಿ. ಮೆಕ್ಯಾನಿಕ್‌ಗಳು ಒಳಗಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅನ್ನುತ್ತಾರೆ. ನನಗೂ ಹಾಗೇ ಹೇಳಿದ್ದರು. ಬಹಳಷ್ಟು ಸಲ ಅದು ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ಹಿಂಬದಿ ಇರುವ ಕ್ಯಾಮ್ ಆಂಗಲ್ ಸೆನ್ಸರಿನ ರಬ್ಬರ್ ಉಂಗುರ ಗಟ್ಟಿಯಾಗಿ ಸೋರಿ, ಹಿಂದಿನಿಂದ ಕೆಳಗಿಳಿದ ಎಣ್ಣೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಬಿಚ್ಚುವ ಮೊದಲು ಸೆನ್ಸರ್ ಇದ್ದ ಜಾಗಕ್ಕೆ ಪೇಂಟಿನಲ್ಲಿ ಗೆರೆ ಎಳೆದುಕೊಳ್ಳಿ, ಇಗ್ನಿಷನ್ ಟೈಮಿಂಗ್ (ಕಿಡಿ ಹತ್ತುವ ಸಮಯ) ನಿಂತಿರುವುದು ಅದರ ಮೇಲೆ.

2019ರ ಡಿಸೆಂಬರ್ ರಜೆಯಲ್ಲಿ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ಹಲ್ಲಿನ ಪಟ್ಟಿ, ಬದಲಿಸಿದೆ. 60,000 ಮೈಲಿಗೊಮ್ಮೆ ಮಾಡಬೇಕಾದ ಕೆಲಸ. ಈ 1.6 ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ವಾಲ್ವುಗಳು ಪಿಸ್ಟನ್ನಿಗೆ ಬಡಿಯುವುದಿಲ್ಲ, ಆ ಧೈರ್ಯದ ಮೇಲೇ ಕೈಹಾಕಿದ್ದು. ಹೊಸ ಬೆಲ್ಟ್ ಹಾಕಿದ ಮೇಲೆ ಬೆಲ್ಟ್ ಸುತ್ತುವ ಎರಡು ಕ್ಯಾಮ್ ಪುಲ್ಲಿಗಳ ಗುರುತಿನ ನಡುವೆ ಬೆಲ್ಟಿನ ಹಲ್ಲು 19 ಇರಬೇಕು. ಮಗಳು ಆಗ ಎಂಟು ವರ್ಷದವಳು, ಟಾರ್ಚ್ ಹಿಡಿದು ನಿಂತಿದ್ದಳು. ಇನ್ನೊಂದು ಕಡೆ ವಿಡಿಯೋ ಕಾಲಿನಲ್ಲಿ ಅಪ್ಪ. "ಕನ್ನಡದಲ್ಲಿ ಎಣಿಸು ಪುಟ್ಟ" ಅಂತ ಅವರ ಒತ್ತಾಯ. ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹತ್ತೊಂಬತ್ತರ ನಂತರ ನಿಲ್ಲಲೇ ಇಲ್ಲ. ಅವಳಿಗೆ ಎಣಿಸಲು ಬರುವುದಿಲ್ಲ ಅಂದುಕೊಂಡು ನಾನು ಎಣಿಸಿದೆ. ನನಗೂ ಇಪ್ಪತ್ತೇ. ಒಂದು ಹಲ್ಲು ತಪ್ಪಿ ಕೂರಿಸಿದ್ದೆ. ಬಿಚ್ಚಿ ಮತ್ತೆ ಹಾಕಿ, ಸ್ಪ್ಯಾನರ್‌ನಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೆ ಎಣಿಸಿದಾಗ 19 ಬಂತು. ಅಪ್ಪ ಯೆಜ್ಡಿ ಬೈಕ್ ಇಟ್ಟುಕೊಂಡಿದ್ದವರು, ಮೈಸೂರಿನ ಯಾದವಗಿರಿಯ ಫ್ಯಾಕ್ಟರಿಯಲ್ಲಿ ತಯಾರಾದ ಗಾಡಿ. ಭಾನುವಾರ ನಡುಮನೆಯಲ್ಲಿ ಹಳೇ ಪ್ರಜಾವಾಣಿ ಹಾಸಿ ಕಾರ್ಬುರೇಟರ್ ಬಿಚ್ಚುತ್ತಿದ್ದರು. ಬಿಚ್ಚಿದ ಕ್ರಮದಲ್ಲೇ ಬೋಲ್ಟುಗಳನ್ನು ಸಾಲಾಗಿ ಇಡುವುದು ಅವರಿಂದ ಬಂದ ಅಭ್ಯಾಸ. ಈಗ ಇಡುವುದು ಇಡ್ಲಿ ತಟ್ಟೆಯ ಕುಳಿಗಳಲ್ಲಿ; ಹಳೇ ತಟ್ಟೆಯೇ, ಹೆಂಡತಿಯ ಅನುಮತಿ ಇದೆ.

1990ರ ಮತ್ತು 1991ರ ಆರಂಭದ ಕಾರು ನೋಡುತ್ತಿದ್ದರೆ ಇದೊಂದನ್ನು ಖಂಡಿತ ಗಮನಿಸಿ. ಈ ಕಾರುಗಳ ಕ್ರ್ಯಾಂಕ್ ಶಾಫ್ಟಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ, ಮೂತಿ ಗಿಡ್ಡ. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸೀಳು ಕಂಡರೆ ಗಿಡ್ಡ ಮೂತಿ, ಎಂಟು ಕಂಡರೆ ಆಮೇಲಿನ ಉದ್ದ ಮೂತಿ. ಗಿಡ್ಡ ಮೂತಿಯದರಲ್ಲಿ ಬೋಲ್ಟ್ ಸರಿಯಾಗಿ ಬಿಗಿಯದಿದ್ದರೆ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಒಳಗಿನ ಕೀಲಿ ಅಲುಗಾಡಿ ತಾನು ಕೂತ ತೋಡನ್ನು ತಾನೇ ಅಗಲ ಮಾಡಿಕೊಳ್ಳುತ್ತಾ ಹೋಗುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಪುಲ್ಲಿ ತೂಗಾಡುತ್ತಿದ್ದರೆ ಕಾರು ಬಿಟ್ಟು ಬನ್ನಿ. ನನ್ನದರಲ್ಲಿ ತೂಗಾಟ ಇರಲಿಲ್ಲ, ಆದರೆ ಬೆಲ್ಟಿಗಾಗಿ ಬಿಚ್ಚಿದಾಗ ಕೀಲಿಯ ತೋಡಿನ ಅಂಚು ಉಗುರಿಗೆ ತಾಗಿತು. ಲಾಕ್‌ಟೈಟ್ 660 ಎಂಬ ಲೋಹದ ಸಂದು ತುಂಬುವ ಅಂಟು ಹಚ್ಚಿ, ಹೊಸ ಕೀಲಿ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿದು ಒಂದು ದಿನ ಒಣಗಲು ಬಿಟ್ಟೆ. ಆರು ವರ್ಷದಿಂದ ತೊಂದರೆಯಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ.

ಟಾಪಿನ ಬಗ್ಗೆ ಎರಡು ಮಾತು. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, ಟಾಪ್ ಮಡಚುವ ಮೊದಲು ಅದರ ಜಿಪ್ ಬಿಚ್ಚಿ ಮಲಗಿಸಬೇಕು. ಒಂದು ಚಳಿಯ ಬೆಳಿಗ್ಗೆ ಅವಸರದಲ್ಲಿ ಮಡಚಿದೆ, ಗಾಜಿನ ಹಾಗೆ ಚಟ್ ಅಂತ ಸೀಳಿತು. ಗಾಜಿನ ಕಿಟಕಿಯ ಹೊಸ ಟಾಪು 420 ಡಾಲರ್‌ಗೆ ತರಿಸಿ ಹಾಕಿದೆ. ಎರಡು ದಿನ ಹಿಡಿಯಿತು, ಬೆರಳ ತುದಿ ಒಂದು ವಾರ ನೋಯಿತು, ಬಲಮೂಲೆಯಲ್ಲಿ ಇವತ್ತಿಗೂ ಸಣ್ಣ ಸುಕ್ಕಿದೆ. ಈ ಕೆಲಸ ಮಾತ್ರ ಇನ್ನೊಮ್ಮೆ ನಾನು ಮಾಡುವುದಿಲ್ಲ.

ಬಿಡಿಭಾಗಗಳ ಚಿಂತೆ ಇಲ್ಲ. 2016ರ ಏಪ್ರಿಲ್‌ನಲ್ಲೇ ಹತ್ತು ಲಕ್ಷನೇ ಎಂಎಕ್ಸ್-5 ಹೊರಬಂದಿತ್ತು. ಟಾಪ್ ತೆರೆಯುವ ಎರಡು ಸೀಟಿನ ರೋಡ್‌ಸ್ಟರ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ. ಹಾಗಾಗಿ ರಬ್ಬರ್ ಬುಷ್‌ನಿಂದ ಹಿಡಿದು ಬಾಗಿಲ ಹಿಡಿಯವರೆಗೆ ಎಲ್ಲ ಸಿಗುತ್ತದೆ. ಜಪಾನಿನಲ್ಲಿ ಮಜ್ದಾ ಕಂಪನಿಯೇ 2017ರಲ್ಲಿ ಈ ಮೊದಲ ತಲೆಮಾರಿನ ಕಾರುಗಳನ್ನು ಹೊಸದಾಗಿಸಿ ಕೊಡುವ ಯೋಜನೆ ತಂದು, ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ತಯಾರಿಸಲು ಶುರು ಮಾಡಿತು. ಆದರೆ ಅಗ್ಗದ ನಕಲಿ ಭಾಗಕ್ಕೆ ಕೈ ಹಾಕಬೇಡಿ. ಹನ್ನೆರಡು ಡಾಲರಿನ ಒಂದು ಸ್ಲೇವ್ ಸಿಲಿಂಡರ್ ನನಗೆ ಎಂಟೇ ತಿಂಗಳು ಬಾಳಿತು.

ಲೆಕ್ಕ: ಕಾರಿಗೆ 3,400, ತುಕ್ಕಿಗೆ 3,500, ಉಳಿದ ಎಲ್ಲಕ್ಕೂ ಸುಮಾರು 2,900. ಒಟ್ಟು ಹತ್ತು ಸಾವಿರ ಡಾಲರಿಗೆ ಸ್ವಲ್ಪ ಕಡಿಮೆ, ನನ್ನ ಶನಿವಾರಗಳನ್ನು ಸೇರಿಸದೆ. ಇದೇ ಹತ್ತು ಸಾವಿರ ಹಿಡಿದು ಮಳೆ ಕಮ್ಮಿ ಇರುವ ಅರಿಜೋನಾ ಕಡೆ ಹೋಗಿದ್ದರೆ ತುಕ್ಕಿಲ್ಲದ ಕಾರನ್ನೇ ತರಬಹುದಿತ್ತು. ಮನೆಯಲ್ಲಿ ರಿಪೇರಿ ಮಾಡಿದರೆ ದುಡ್ಡು ಉಳಿಯುತ್ತದೆ ಅನ್ನುವವರ ಮಾತು ಅರ್ಧ ಮಾತ್ರ ನಿಜ.

ಓಡಿಸುವ ಸುಖದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಗೇರ್ ಲಿವರ್ ಮಣಿಕಟ್ಟು ತಿರುಗಿಸಿದಷ್ಟೇ ಚಲಿಸುತ್ತದೆ, ಎಕ್ಸಿಟ್ ರ‍್ಯಾಂಪಿನ ತಿರುವಿನಲ್ಲಿ 40 ಮೈಲಿ ವೇಗಕ್ಕೇ ನಗು ಬರುತ್ತದೆ. ಹೈವೇಯಲ್ಲಿ ಮಾತ್ರ ಪಕ್ಕದ ಟ್ರಕ್ಕಿನ ಚಕ್ರದ ನಟ್ಟು ಕಣ್ಣಿನ ಮಟ್ಟಕ್ಕೆ ಬರುತ್ತದೆ, ಮಾತಾಡಲು ಕೂಗಬೇಕು. ಏರ್‌ಬ್ಯಾಗ್ ಇರುವುದು ಡ್ರೈವರ್‌ಗೆ ಮಾತ್ರ. ಅದಕ್ಕೇ ಮಗಳನ್ನು ನಮ್ಮ ಬಡಾವಣೆಯ ಆಚೆ ಇದರಲ್ಲಿ ಕರೆದೊಯ್ಯುವುದಿಲ್ಲ, ಅವಳು ಎಷ್ಟೇ ಗೋಗರೆದರೂ.

ಒಂದೇ ಕಾರು ಇರುವವರು, ಗರಾಜು ಇಲ್ಲದವರು, ಆರು ಅಡಿ ದಾಟಿದವರು ಇದರ ಆಸೆ ಬಿಡಿ. ಉಳಿದವರು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಹಿಂದಿನ ಚಕ್ರದ ಮುಂದೆ ಹೊಸ್ತಿಲಿಗೆ ಅಯಸ್ಕಾಂತ ಹಿಡಿಯಬೇಕು. ಸೀಟಿನ ಹಿಂದಿನ ತೂತಿಗೆ ನೀರು ಸುರಿದರೆ ಕೆಳಗೆ ನೆಲದ ಮೇಲೆ ಕೂಡಲೇ ಬರಬೇಕು. ಬರದಿದ್ದರೆ, ಅಥವಾ ಮಾರುವವರು ನೀರು ಹಾಕಲು ಬಿಡದಿದ್ದರೆ, ಎಂಜಿನ್ ಶುರು ಮಾಡಿಸಲೇ ಹೋಗಬೇಡಿ. ಆ ಸದ್ದು ಕೇಳಿದ ಮೇಲೆ ವಾಪಸ್ ಬರುವುದು ಕಷ್ಟ.