ಟೂರಿಸ್ಟ್ ಬಸ್ಸಿನ ರಿಟಾರ್ಡರ್: ಮಳೆಯಲ್ಲಿ ಎಷ್ಟು ನಂಬಬಹುದು?

ಚಕ್ರದ ಬ್ರೇಕು ಮುಟ್ಟದೆಯೇ ಬಸ್ಸಿನ ವೇಗ ತಗ್ಗಿಸುವ ಸಾಧನ ರಿಟಾರ್ಡರ್. ಅದನ್ನು ಮಾರುವವರು ಮೊದಲು ಎತ್ತುವುದು ಲೈನರ್, ಅಂದರೆ ಚಕ್ರದ ಬ್ರೇಕಿನಲ್ಲಿ ಉಜ್ಜಿ ಸವೆಯುವ ಪಟ್ಟಿಯ ಉಳಿತಾಯದ ಮಾತು. ಅದು ಸುಳ್ಳಲ್ಲ. ಬ್ರೇಕ್ ಹಾಕುವ ಕೆಲಸದಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲನ್ನು ಇದೊಂದೇ ಮಾಡುತ್ತದೆ ಎನ್ನುತ್ತಾರೆ ತಯಾರಕರು. ಘಾಟಿಯಲ್ಲಿ ದಿನವೂ ಓಡುವ ಬಸ್ಸಿಗೆ ಆ ಮಾತು ಹೆಚ್ಚುಕಡಿಮೆ ನಿಜವೇ. ಆದರೆ ಬ್ರೋಷರಿನ ಚಿತ್ರಗಳಲ್ಲಿ ರಸ್ತೆ ಯಾವಾಗಲೂ ಒಣಗಿರುತ್ತದೆ. ಅದೇ ಸಾಧನ ನೆಂದ ರಸ್ತೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಅಲ್ಲಿ ಚಾಲಕನ ಪಾಲಿನ ಕೆಲಸವೆಷ್ಟು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ಅದರ ಶಕ್ತಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. 18 ಟನ್ ತೂಕದ ಬಸ್ಸು ಶೇ. 7ರ ಇಳಿಜಾರಿನಲ್ಲಿ ಗಂಟೆಗೆ 30 ಕಿ.ಮೀ. ವೇಗ ಕಾಯ್ದುಕೊಂಡು ಇಳಿಯಬೇಕೆಂದರೆ ಸುಮಾರು 100 ಕಿಲೋವ್ಯಾಟ್ ಶಕ್ತಿಯನ್ನು ಎಲ್ಲಾದರೂ ಶಾಖವಾಗಿ ಹೊರಹಾಕಬೇಕು. ಟೈರು, ಗಾಳಿಯ ಪಾಲು ಕಳೆದರೂ 90ರ ಹತ್ತಿರ ಉಳಿಯುತ್ತದೆ. ಆರು ಕಿಲೋಮೀಟರ್ ಇಳಿಯಲು 12 ನಿಮಿಷ. ಅಷ್ಟೂ ಹೊತ್ತು ಈ ಶಾಖವನ್ನು ಚಕ್ರದ ಬ್ರೇಕಿನ ಡ್ರಮ್ಮುಗಳೇ ನುಂಗಿದರೆ ಕೊನೆಯ ತಿರುವಿನ ಹೊತ್ತಿಗೆ ಪೆಡಲ್ ಒತ್ತಿದರೂ ಬಸ್ಸು ಕೇಳುವುದಿಲ್ಲ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 13ನೇ ನಿಯಮದಲ್ಲಿ ದೂರಪ್ರಯಾಣದ ಬಸ್ಸುಗಳಿಗೆ ಇದೇ ಪರೀಕ್ಷೆ ಇದೆ: ಶೇ. 7ರ ಇಳಿಜಾರು, 6 ಕಿ.ಮೀ., 30ರ ವೇಗ, ಚಕ್ರದ ಬ್ರೇಕು ಮುಟ್ಟುವಂತಿಲ್ಲ. ಒಳ್ಳೆಯ ರಿಟಾರ್ಡರ್ ಇದನ್ನು ಲೀಲಾಜಾಲವಾಗಿ ಮುಗಿಸುತ್ತದೆ. ಒಣ ರಸ್ತೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಡಲು ಅಡ್ಡಿಯಿಲ್ಲ.

ಮಳೆಯಲ್ಲಿ ಅಂಕ ಇಳಿಯುವುದಕ್ಕೆ ಕಾರಣ ಒಂದೇ. ರಿಟಾರ್ಡರ್ ಹಿಡಿಯುವುದು ಎಂಜಿನ್ ಎಳೆಯುವ ಆಕ್ಸಲ್ಲನ್ನು ಮಾತ್ರ, ಅಂದರೆ ಹಿಂದಿನ ಚಕ್ರಗಳನ್ನು. ಕಾಲಿನ ಬ್ರೇಕು ಎಲ್ಲ ಚಕ್ರಗಳಿಗೂ ಕೆಲಸ ಹಂಚುತ್ತದೆ, ರಿಟಾರ್ಡರ್ ಹಂಚುವುದಿಲ್ಲ. ಅದಕ್ಕೇ ಹ್ಯಾಂಡ್‌ಬುಕ್ಕುಗಳಲ್ಲಿ ಜಾರುವ ರಸ್ತೆಯ ಎಚ್ಚರಿಕೆ ಇರುತ್ತದೆ. ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಲೆಕ್ಕ ಹಾಕಿದರೆ ಅಪಾಯ ಎಲ್ಲಿದೆ ಎಂದು ಕಾಣುತ್ತದೆ. ರಿಟಾರ್ಡರ್‌ನ ಟಾರ್ಕ್ (ತಿರುಗುವ ದಂಡವನ್ನು ತಡೆಯುವ ಬಲ) 3500 ನ್ಯೂಟನ್ ಮೀಟರ್, ಆಕ್ಸಲ್ ಅನುಪಾತ 3, ಚಕ್ರದ ತ್ರಿಜ್ಯ ಅರ್ಧ ಮೀಟರ್ ಎಂದಿಟ್ಟುಕೊಳ್ಳಿ. ರಸ್ತೆಗೆ ತಲುಪುವ ಬಲ 21,000 ನ್ಯೂಟನ್. ತುಂಬಿದ ಬಸ್ಸಿನ ಹಿಂದಿನ ಆಕ್ಸಲ್ ಮೇಲೆ 11.5 ಟನ್ ಇದ್ದರೆ, ಚಕ್ರ ಜಾರದಿರಲು ಬೇಕಾದ ಘರ್ಷಣಾಂಕ, ಅಂದರೆ ಆಕ್ಸಲ್ ಮೇಲಿನ ತೂಕಕ್ಕೆ ಹೋಲಿಸಿದರೆ ರಸ್ತೆ ಕೊಡಬೇಕಾದ ಹಿಡಿತ, 0.19. ಪ್ರಯಾಣಿಕರೂ ಲಗೇಜೂ ಇಳಿದು ಅದೇ ಆಕ್ಸಲ್ ಮೇಲೆ 8 ಟನ್ ಉಳಿದರೆ 0.27 ಬೇಕು. ಇಷ್ಟು ನೇರ ರಸ್ತೆಯಲ್ಲಿ. ಈಗ ಅದೇ ಬಸ್ಸನ್ನು 100 ಮೀಟರ್ ತ್ರಿಜ್ಯದ, ಓರೆಯಿಲ್ಲದ ತಿರುವಿಗೆ 50ರ ವೇಗದಲ್ಲಿ ತನ್ನಿ. ತಿರುಗಲಿಕ್ಕೇ 0.2ರಷ್ಟು ಹಿಡಿತ ಹೋಗುತ್ತದೆ. ಒಂದು ಬಲ ಹಿಂದಕ್ಕೆ, ಇನ್ನೊಂದು ಪಕ್ಕಕ್ಕೆ ಆದ್ದರಿಂದ ನೇರವಾಗಿ ಕೂಡುವಂತಿಲ್ಲ; ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ತುಂಬಿದ ಬಸ್ಸಿಗೆ 0.28, ಖಾಲಿ ಬಸ್ಸಿಗೆ 0.34. ಒಳ್ಳೆಯ ಡಾಂಬರು ನೆಂದಿದ್ದರೂ 0.5ರ ಆಸುಪಾಸು ಕೊಡುತ್ತದೆ, ಭಯವಿಲ್ಲ. ಸವೆದು ನುಣುಪಾದ ರಸ್ತೆ, ಮೇಲೆ ಡಾಂಬರು ಒಸರಿದ ಜಾಗ, ಮೊದಲ ಮಳೆಗೆ ಎಣ್ಣೆಯೂ ಧೂಳೂ ಕಲಸಿ ಪಾಯಸವಾದ ತಿರುವು, ಇಲ್ಲೆಲ್ಲ 0.3 ಸಿಕ್ಕರೆ ಪುಣ್ಯ. ತುಂಬಿದ ಬಸ್ಸು ಹೇಗೋ ದಾಟಿದ ತಿರುವಿನಲ್ಲಿ ಪ್ರಯಾಣಿಕರನ್ನು ಇಳಿಸಿ ಬರುವ ಖಾಲಿ ಬಸ್ಸಿನ ಹಿಂಬದಿ ಹೊರಕ್ಕೆ ಹೊರಳುವುದು ಹೀಗೆ. ಗಾಡಿ ಹಗುರವಾಗಿದೆ ಎಂದು ಚಾಲಕ ನಿರಾಳವಾಗಿ ಬರುತ್ತಿರುತ್ತಾನೆ, ಲೆಕ್ಕ ಮಾತ್ರ ಅವನಿಗೆ ತಿರುಗಿಬಿದ್ದಿರುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ದೊಡ್ಡ ಬಸ್ಸಿನಲ್ಲಿ ಚಾಲಕ ಕೂರುವುದು ಮುಂದಿನ ಚಕ್ರಗಳಿಗಿಂತಲೂ ಮುಂದೆ. ಹಿಂಬದಿ ಸರಿಯತೊಡಗಿದ್ದು ಕೊನೆಯ ಸೀಟಿನವರಿಗೆ ಮೊದಲು ತಿಳಿಯುತ್ತದೆ, ಚಾಲಕನಿಗೆ ಕೊನೆಗೆ. ಸ್ಟೇರಿಂಗಿಗೆ ಸುದ್ದಿ ಬರುವ ಹೊತ್ತಿಗೆ ಬಾಲ ಅರ್ಧ ಲೇನು ದಾಟಿರಬಹುದು.

ಇನ್ನು ಬಗೆಗಳ ವಿಚಾರ. ಹೈಡ್ರಾಲಿಕ್, ವಿದ್ಯುತ್ಕಾಂತದ್ದು, ಎಕ್ಸಾಸ್ಟ್ ಬ್ರೇಕು ಎಂದು ಮೂರು. ಎಣ್ಣೆಯಿಂದ ಕೆಲಸ ಮಾಡುವ ಹೈಡ್ರಾಲಿಕ್ ರಿಟಾರ್ಡರ್‌ನಲ್ಲಿ ತಿರುಗುವ ರೋಟರ್ ಎಣ್ಣೆಯನ್ನು ನಿಂತ ಸ್ಟೇಟರ್‌ಗೆ ಅಪ್ಪಳಿಸುತ್ತದೆ, ಕಾದ ಎಣ್ಣೆಯ ಶಾಖ ಎಂಜಿನ್ನನ್ನು ತಣಿಸುವ ದ್ರವಕ್ಕೆ, ಅಂದರೆ ಕೂಲಂಟ್‌ಗೆ ಹೋಗುತ್ತದೆ. ವೋಯಿತ್, ಜೆಡ್‌ಎಫ್ ಕಂಪನಿಗಳವು ಈ ಬಗೆಯವು. ಹಿಡಿತ ನಯವಾಗಿ ಏರುವುದರಿಂದ ಮೂರರಲ್ಲಿ ಮಳೆಗೆ ಇದೇ ವಾಸಿ. ಆದರೆ ರಿಟಾರ್ಡರ್‌ನ ಸನ್ನೆ (ಲಿವರ್) ಎಳೆದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ, ಎಣ್ಣೆ ತುಂಬಲು ಒಂದು ಕ್ಷಣ ಬೇಕು. ಏನೂ ಆಗಲಿಲ್ಲವಲ್ಲ ಎಂದು ಆ ಕ್ಷಣದಲ್ಲೇ ಇನ್ನೆರಡು ಹಂತ ಎಳೆಯುವವರಿದ್ದಾರೆ. ಆಗ ಮೂರು ಹಂತದ ಹಿಡಿತವೂ ಒಟ್ಟಿಗೇ ಬಂದು ಬೀಳುತ್ತದೆ. ನೆಂದ ರಸ್ತೆಯಲ್ಲಿ ಒಂದು ಹಂತ ಎಳೆದು, ಮನಸ್ಸಿನಲ್ಲಿ ಎರಡು ಎಣಿಸಿ, ಆಮೇಲೆ ಮುಂದಿನದಕ್ಕೆ ಹೋಗಬೇಕು.

ವಿದ್ಯುತ್ಕಾಂತದ ರಿಟಾರ್ಡರ್, ಟೆಲ್ಮಾ ಹೆಸರಿನಲ್ಲಿ ಪ್ರಸಿದ್ಧವಾದದ್ದು, ಸುರುಳಿಗಳಿಗೆ ಬ್ಯಾಟರಿಯ ಕರೆಂಟು ಹರಿಸಿ ತಿರುಗುವ ಕಬ್ಬಿಣದ ತಟ್ಟೆಗಳಲ್ಲಿ ಸುಳಿಪ್ರವಾಹ, ಅಂದರೆ ತಟ್ಟೆಯೊಳಗೇ ಸುತ್ತಿ ಅದರ ತಿರುಗಾಟ ತಡೆಯುವ ಕರೆಂಟು ಹುಟ್ಟಿಸುತ್ತದೆ. ಕೂಲಂಟಿನ ಹಂಗಿಲ್ಲ, ತಟ್ಟೆಗಳನ್ನು ಗಾಳಿಯೇ ತಣಿಸುತ್ತದೆ. ಕಡಿಮೆ ವೇಗದಲ್ಲೂ ಚೆನ್ನಾಗಿ ಹಿಡಿಯುತ್ತದೆ, ತಡವಿಲ್ಲ. ಮಳೆಯಲ್ಲಿ ಆ ತಡವಿಲ್ಲದಿರುವುದೇ ತೊಂದರೆ. ರಿಲೇಗಳಿಂದ ಹಂತ ಹಂತವಾಗಿ ಚಾಲೂ ಆಗುವ ಹಳೆಯ ಮಾದರಿಗಳಲ್ಲಿ ಪ್ರತಿ ಹಂತವೂ ಒಂದು ಜಗ್ಗಾಟ. ತಟ್ಟೆ ಕಾದಂತೆ ಹಿಡಿತ ಕುಗ್ಗುತ್ತದೆ, ತೂಕವೂ ಬಹಳ. ರಿಲೇ ಅಂಟಿಕೊಂಡರೆ ಸನ್ನೆ ಸೊನ್ನೆಗೆ ಬಂದರೂ ಹಿಡಿತ ಬಿಡದೆ ಉಳಿಯಬಹುದು.

ಎಂಜಿನ್ನಿನ ಹೊಗೆ ಹೋಗುವ ದಾರಿ ಮುಚ್ಚಿ ವೇಗ ತಡೆಯುವ ಎಕ್ಸಾಸ್ಟ್ ಬ್ರೇಕನ್ನು ಇವೆರಡರ ಸಾಲಿಗೆ ಸೇರಿಸುವುದು ಅತಿಯಾಯಿತು, ಶಕ್ತಿ ಅಷ್ಟಿಲ್ಲ. ಅದರ ಹಿಡಿತ ಗೇರಿನ ಮೇಲೆ ನಿಂತಿದೆ. ಮೇಲಿನ ಗೇರಿನಲ್ಲಿ ಸೌಮ್ಯ, ಕೆಳಗಿನ ಗೇರಿನಲ್ಲಿ ಒರಟು. ಒಂದು ಗುಣ ಮಾತ್ರ ಮೆಚ್ಚಬೇಕು: ಕ್ಲಚ್ ಒತ್ತಿದರೆ ಚಕ್ರ ಸ್ವತಂತ್ರವಾಗುತ್ತದೆ. ಗೇರ್‌ಬಾಕ್ಸಿನ ಆಚೆ ಕೂತಿರುವ ರಿಟಾರ್ಡರ್‌ಗೆ ಈ ಉಪಾಯ ನಡೆಯುವುದಿಲ್ಲ. ಹಿಂಬದಿ ಜಾರಿದಾಗ ಗಾಬರಿಯಿಂದ ಕ್ಲಚ್ ಒತ್ತುವ ಚಾಲಕ ಎಂಜಿನ್ನನ್ನು ಬಿಡಿಸಿರುತ್ತಾನೆ, ರಿಟಾರ್ಡರ್ ಮಾತ್ರ ಅದೇ ಚಕ್ರಗಳನ್ನು ಹಿಡಿದೇ ಇರುತ್ತದೆ. ಬಿಡಿಸಬೇಕಾದದ್ದು ಸನ್ನೆ.

ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಇದೆಯಲ್ಲ, ಅದು ನೋಡಿಕೊಳ್ಳುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ: ನೋಡಿಕೊಳ್ಳುತ್ತದೆ, ಆದರೆ ತನ್ನದೇ ರೀತಿಯಲ್ಲಿ. ಹಿಂದಿನ ಚಕ್ರ ಕಟ್ಟಿಕೊಳ್ಳುವ ಸೂಚನೆ ಸಿಕ್ಕಿದರೆ ಎಬಿಎಸ್ ರಿಟಾರ್ಡರ್ ಅನ್ನೇ ಕೈಬಿಡಿಸುತ್ತದೆ. ಅಷ್ಟರವರೆಗೆ ವೇಗ ಇಳಿಯುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ಮುಂದಕ್ಕೆ ನುಗ್ಗಿದಂತೆ ಅನ್ನಿಸುತ್ತದೆ. ಬ್ರೇಕ್ ಫೇಲ್ ಆಯಿತು ಎಂದು ಕೂಗುವುದು ಈ ಗಳಿಗೆಯಲ್ಲೇ. ಫೇಲ್ ಆಗಿರುವುದಿಲ್ಲ, ಕಾಲಿನ ಬ್ರೇಕು ಇದ್ದೇ ಇರುತ್ತದೆ. ಮಳೆಯಲ್ಲಿ ರಿಟಾರ್ಡರ್ ಬಳಸುವಷ್ಟೂ ಹೊತ್ತು ಬಲಗಾಲು ಬ್ರೇಕ್ ಪೆಡಲನ್ನು ಒತ್ತದೆ ಅದರ ಹತ್ತಿರವೇ ಸಿದ್ಧವಾಗಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿಕೊಂಡೇ ಇದ್ದರೆ ಈ ಕಾವಲೂ ಇಲ್ಲ ಎಂದರ್ಥ. ಆ ಸ್ಥಿತಿಯ ಬಸ್ಸನ್ನು ಮಳೆಯಲ್ಲಿ ಘಾಟಿಗೆ ಕಳಿಸುವ ಮಾಲೀಕ ಮುಂದೆ ಆಗುವುದಕ್ಕೆ ಚಾಲಕನಷ್ಟೇ ಹೊಣೆ.

ಹೊಸ ಆಟೋಮ್ಯಾಟಿಕ್ ಗೇರ್ ಬಸ್ಸುಗಳಲ್ಲಿ ಸೂಕ್ಷ್ಮ ಇನ್ನೂ ಒಂದಿದೆ. ಹಲವು ಬಸ್ಸುಗಳಲ್ಲಿ ಬ್ರೇಕ್ ಪೆಡಲಿನ ಮೊದಲ ಒತ್ತು ರಿಟಾರ್ಡರ್‌ಗೇ ಹೋಗುತ್ತದೆ, ಚಕ್ರದ ಬ್ರೇಕು ಶುರುವಾಗುವುದು ಅದರ ನಂತರ. ಸನ್ನೆ ಸೊನ್ನೆಯಲ್ಲಿದೆ, ಕಾಲಿನ ಬ್ರೇಕನ್ನೇ ಮೃದುವಾಗಿ ಬಳಸುತ್ತಿದ್ದೇನೆ ಎಂದುಕೊಂಡ ಚಾಲಕ ಆಗಲೂ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತಿರುತ್ತಾನೆ. ಇದನ್ನು ಕತ್ತರಿಸುವ ಸ್ವಿಚ್ಚು ಡ್ಯಾಶ್‌ಬೋರ್ಡಿನಲ್ಲಿದ್ದರೆ ಅದು ಎಲ್ಲಿದೆ ಎಂದು ಕತ್ತಲಲ್ಲೂ ಕೈಗೆ ಗೊತ್ತಿರಬೇಕು. ಇಳಿಜಾರಿನಲ್ಲಿ ವೇಗವನ್ನು ತಾನೇ ಕಾಯ್ದುಕೊಳ್ಳುವ ಸೌಲಭ್ಯವೂ, ಕ್ರೂಸ್ ಕಂಟ್ರೋಲೂ ಹೀಗೆಯೇ. ಯಾವಾಗ ಎಷ್ಟು ಹಿಡಿಯಬೇಕೆಂದು ಯಂತ್ರ ನಿರ್ಧರಿಸುತ್ತದೆ, ಮುಂದಿನ ತಿರುವಿನಲ್ಲಿ ಕೆಸರು ಹರಿದಿದೆಯೆಂದು ಅದಕ್ಕೆ ಕಾಣುವುದಿಲ್ಲ. ವೈಪರ್ ಚಾಲೂ ಆಗುವ ಹೊತ್ತಿಗೆ ಇವೆರಡೂ ಬಂದ್ ಆಗಿರಲಿ.

ಹಾಗಾದರೆ ಮಳೆಯಲ್ಲಿ ರಿಟಾರ್ಡರ್ ಮುಟ್ಟಲೇಬಾರದೇ? ಮುಟ್ಟಲೇಬಾರದು ಎನ್ನುವ ಬೋಧನೆ ಇಳಿಜಾರಿನಲ್ಲಿ ಉಲ್ಟಾ ಹೊಡೆಯುತ್ತದೆ. ಉದ್ದದ ಇಳಿಜಾರನ್ನು ಕಾಲಿನ ಬ್ರೇಕಿನಲ್ಲೇ ಇಳಿದರೆ ಮಳೆ ಬಂದರೂ ಡ್ರಮ್ಮು ಕಾಯುತ್ತದೆ. ಸರಿಯಾದ ಕ್ರಮ ಹೀಗೆ: ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಿನಲ್ಲಿ, ವೇಗವನ್ನು ಕಾಲಿನ ಬ್ರೇಕಿನಿಂದ ಇಳಿಸಿಬಿಡಬೇಕು. ಗೇರು ಒಂದೋ ಎರಡೋ ಕೆಳಗೆ. ರಿಟಾರ್ಡರ್ ಮೊದಲ ಹಂತ ಮಾತ್ರ, ಅದೂ ನೇರ ಭಾಗದಲ್ಲಿ. ತಿರುವಿಗೆ ಬರುವ ಮೊದಲೇ ವೇಗ ಮುಗಿದಿರಬೇಕು, ತಿರುವಿನೊಳಗೆ ಹಂತ ಬದಲಿಸುವ ಮಾತೇ ಇಲ್ಲ. ಮೊದಲ ಹಂತದಲ್ಲೂ ವೇಗ ಏರುತ್ತಿದ್ದರೆ ಅದು ಗೇರು ಮೇಲಿದೆಯೆಂಬ ಸೂಚನೆ. ನೇರದಲ್ಲಿ ಕಾಲಿನ ಬ್ರೇಕಿನಿಂದ ಒಮ್ಮೆ ಗಟ್ಟಿಯಾಗಿ ವೇಗ ತಗ್ಗಿಸಿ ಬಿಟ್ಟು, ಇನ್ನೊಂದು ಗೇರು ಕೆಳಗೆ ಹೋಗುವುದು ಮೇಲು. ಉದ್ದಕ್ಕೂ ಪೆಡಲ್ ಸವರಿಕೊಂಡು ಬರುವುದು ಯಾವ ಹವಾಮಾನದಲ್ಲೂ ಕೆಟ್ಟ ಅಭ್ಯಾಸವೇ.

ಕೆಳಗಿನ ಗೇರಿಗೆ ಇನ್ನೊಂದು ಕಾರಣವಿದೆ. ಹೈಡ್ರಾಲಿಕ್ ರಿಟಾರ್ಡರ್‌ನ ಶಾಖ ಹೋಗುವುದು ಕೂಲಂಟಿಗೆ, ಕೂಲಂಟ್ ಓಡಿಸುವುದು ಎಂಜಿನ್ನಿನ ಪಂಪು. ಮೇಲಿನ ಗೇರಿನಲ್ಲಿ ಎಂಜಿನ್ ನಿಧಾನವಾದರೆ ಪಂಪೂ ನಿಧಾನ, ಫ್ಯಾನೂ ನಿಧಾನ. ತಾಪ ಮಿತಿ ಮುಟ್ಟಿದ ಕೂಡಲೇ ಕಂಟ್ರೋಲ್ ಯೂನಿಟ್ ರಿಟಾರ್ಡರ್‌ನ ಬಲವನ್ನು ತಾನೇ ತಗ್ಗಿಸುತ್ತದೆ, ಅದೂ ಇಳಿಜಾರಿನ ನಡುವೆ, ಹೇಳದೆ ಕೇಳದೆ. ತಾಪದ ಮುಳ್ಳು ಏರುತ್ತಿರುವುದನ್ನು ನೋಡುತ್ತಲೇ ಸುಮ್ಮನಿದ್ದವನು ಆಮೇಲೆ ರಿಟಾರ್ಡರ್ ಕೈಕೊಟ್ಟಿತು ಎಂದರೆ ಒಪ್ಪುವುದು ಕಷ್ಟ.

ಹಿಂಬದಿ ಜಾರಿದೆ ಎನ್ನಿ. ಮೊದಲು ಸನ್ನೆ ಸೊನ್ನೆಗೆ. ಆಕ್ಸಿಲರೇಟರ್ ಒದೆಯಬಾರದು, ಬ್ರೇಕು ತುಳಿಯಬಾರದು. ಹೋಗಬೇಕಾದ ದಿಕ್ಕಿಗೆ ಕಣ್ಣಿಟ್ಟು, ಸ್ಟೇರಿಂಗನ್ನು ಆ ಕಡೆಗೆ ಬೇಕಾದಷ್ಟೇ ತಿರುಗಿಸಬೇಕು. ಬಸ್ಸು ನೇರವಾಗುತ್ತಿದ್ದಂತೆ ಸ್ಟೇರಿಂಗನ್ನೂ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಬಾಲ ಇನ್ನೊಂದು ಬದಿಗೆ ಬೀಸುತ್ತದೆ. ಎರಡನೆಯ ಬೀಸು ಮೊದಲನೆಯದಕ್ಕಿಂತ ಜೋರು. ನೇರವಾದ ಮೇಲೆ ಕಾಲಿನ ಬ್ರೇಕು.

ಇಷ್ಟೆಲ್ಲ ಕೌಶಲದ ಜಾಗದಲ್ಲಿ 20 ಕಿ.ಮೀ. ವೇಗ ಕಡಿಮೆ ಮಾಡುವುದು ಎಷ್ಟೋ ಅಗ್ಗ. ನೆಂದ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 3 ಮೀಟರ್‌ನಷ್ಟು ಇಳಿಯುತ್ತದೆ, ಚಾಲಕ ಎಚ್ಚೆತ್ತು ತುಳಿಯಲು ಒಂದೂವರೆ ಸೆಕೆಂಡು ಎಂದು ಹಿಡಿದರೆ, 80ರ ವೇಗದ ಬಸ್ಸು ನಿಲ್ಲಲು ಸುಮಾರು 115 ಮೀಟರ್ ಬೇಕು, 60ರದ್ದಕ್ಕೆ 71. ರಿಟಾರ್ಡರ್ ಒಂದೇ ಹಿಡಿದರೆ ನಮ್ಮ ಮೇಲಿನ ಲೆಕ್ಕದ ತುಂಬಿದ 18 ಟನ್ ಬಸ್ಸು ಸಮತಟ್ಟಿನಲ್ಲೂ ಪ್ರತಿ ಸೆಕೆಂಡಿಗೆ ಸುಮಾರು ಸೆಕೆಂಡಿಗೆ 1.2 ಮೀಟರ್‌ನಷ್ಟು ವೇಗವನ್ನಷ್ಟೇ ಕಳೆದುಕೊಳ್ಳುತ್ತದೆ. ಸಾಲದ್ದಕ್ಕೆ ವೇಗ ತೀರಾ ಇಳಿದಾಗ ಹೈಡ್ರಾಲಿಕ್ ರಿಟಾರ್ಡರ್ ಬಹುತೇಕ ಏನೂ ಹಿಡಿಯದು. ಇದು ಇಳಿಜಾರಿನಲ್ಲಿ ವೇಗ ಕಾಯುವ ಸಾಧನ, ಗಾಡಿ ನಿಲ್ಲಿಸುವ ಸಾಧನವಲ್ಲ.

ಟೈರಿನ ವಿಷಯ ಚುಟುಕಾಗಿ ಸಾಕು. ಹಲವು ದೇಶಗಳ ಕಾನೂನು ಟೈರಿನ ತೋಡು 1.6 ಮಿ.ಮೀ. ಆಳವಿದ್ದರೂ ಸಾಕೆನ್ನುತ್ತದೆ. ರಿಟಾರ್ಡರ್ ಇರುವ ಬಸ್ಸಿನ ಹಿಂದಿನ ಟೈರಿಗೆ ಮಳೆಯಲ್ಲಿ 4 ಮಿ.ಮೀ.ಗಿಂತ ಕೆಳಗೆ ಭರವಸೆ ಇಡುವಂತಿಲ್ಲ. ಹೆಚ್ಚು ಕೆಲಸ ಮಾಡುವ ಟೈರೂ ಅವೇ, ಬೇಗ ಸವೆಯುವುದೂ ಅವೇ. ಲೈನರ್‌ನಲ್ಲಿ ಉಳಿಸಿದ ದುಡ್ಡಿನ ಒಂದು ಭಾಗ ಇಲ್ಲಿಗೆ ಹೋಗುತ್ತದೆಂದು ಬ್ರೋಷರ್ ಹೇಳುವುದಿಲ್ಲ.

ಹೊಸ ಬಸ್ಸು ಕೊಳ್ಳುವವರು ಕೇಳಿ ತಿಳಿಯಬೇಕಾದದ್ದು ಗರಿಷ್ಠ ಟಾರ್ಕನ್ನಲ್ಲ. ಹಂತಗಳೆಷ್ಟು, ಮೊದಲ ಹಂತದ ಬಲವೆಷ್ಟು, ಪೆಡಲಿನಿಂದ ರಿಟಾರ್ಡರ್ ಬಿಡಿಸುವ ಸ್ವಿಚ್ಚಿದೆಯೇ, ಎಲೆಕ್ಟ್ರಾನಿಕ್ ಬ್ರೇಕ್ ವ್ಯವಸ್ಥೆ ಮುಂದಿನ ಚಕ್ರಗಳಿಗೂ ಕೆಲಸ ಹಂಚುತ್ತದೆಯೇ, ಜಾರಾಟ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇದೆಯೇ. ಕೊನೆಯ ಎರಡೂ ಇದ್ದರೆ ಮಳೆಗೆ ಹತ್ತಕ್ಕೆ ಏಳು ಕೊಡಬಹುದು. ಇಲ್ಲದ ಬಸ್ಸಿಗೆ ಐದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು. ಹಳೆಯ ಬಸ್ಸಾದರೆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದೆಯೇ, ಕೂಲಂಟಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ. ತೇಲುತ್ತಿದ್ದರೆ ಎಣ್ಣೆಯ ಶಾಖವನ್ನು ಕೂಲಂಟಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ತೂತಾಗಿರಬಹುದು. ಆಮೇಲೆ ಖಾಲಿ, ನೇರ, ಸಮತಟ್ಟು ರಸ್ತೆಯಲ್ಲಿ 40ರ ವೇಗದಲ್ಲಿ ಒಂದೊಂದೇ ಹಂತ ಎಳೆದು ಸೊನ್ನೆಗೆ ತನ್ನಿ. ಪ್ರತಿ ಹಂತ ಬೇರೆಯಾಗಿ ಗೊತ್ತಾಗಬೇಕು, ಸೊನ್ನೆಗೆ ತಂದಾಗ ಬಸ್ಸು ತಡೆಯಿಲ್ಲದೆ ಉರುಳಬೇಕು. ಉರುಳದೆ ಎಳೆದು ಹಿಡಿದಂತಿದ್ದರೆ ಆ ದೋಷ ಸರಿಯಾಗುವವರೆಗೆ ಮಳೆಗೆ ಹೊರಡಿಸಬೇಡಿ.